ಚನ್ನಪಟ್ಟಣದ ಗೊಂಬೆ ವಿದೇಶಕ್ಕೆ: ವರ್ತಕರ ಮೂಲಕವೋ, ನೇರವಾಗಿಯೋ, ದುಬೈ ಕಚೇರಿಯೋ?

ಖರ್ಚು ನೋಡಿದರೆ ರಫ್ತು ವರ್ತಕರಿಗೆ ಮಾರುವುದೇ ಹಗುರ. ಕಾಗದಪತ್ರದ ತಲೆನೋವು ಅವರದು, ವಿದೇಶಿ ಗಿರಾಕಿಯೂ ಅವರದೇ.

ನೇರ ರಫ್ತಿಗೆ ಐಇಸಿ (ಆಮದು-ರಫ್ತು ಮಾಡುವವರ ಸಂಕೇತ ಸಂಖ್ಯೆ) ನೋಂದಣಿ ಬೇಕು. ಶುಲ್ಕ 500 ರೂಪಾಯಿ ಅಷ್ಟೇ. ದುಡ್ಡು ಕರಗುವುದು ಬೇರೆ ಕಡೆ: ಯುರೋಪಿಗೆ ಆಟಿಕೆ ಕಳಿಸಲು ಸುರಕ್ಷತೆಯ ಸಿಇ ಗುರುತು ಬೇಕೇ ಬೇಕು. ಅಮೆರಿಕವೊಂದನ್ನೇ ನಂಬಿ ಕೂರುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಅಲ್ಲಿನ ಸುಂಕ ಶೇ 50ಕ್ಕೆ ಏರಿತು. 800 ಡಾಲರ್‌ವರೆಗಿನ ಪಾರ್ಸಲ್‌ಗಿದ್ದ ಸುಂಕ ವಿನಾಯಿತಿಯೂ ಹೋಯಿತು. ಆನ್‌ಲೈನ್ ಚಿಲ್ಲರೆ ಮಾರುವವರಿಗೆ ಏಟು ಜಾಸ್ತಿ, ಅಲ್ವಾ?

ಇನ್ನು ದುಬೈ ವಿಷಯ: ಭಾರತ-ಯುಎಇ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅದರ ಸುಂಕ ರಿಯಾಯಿತಿಗೆ ದುಬೈ ಕಚೇರಿ ಬೇಕಿಲ್ಲ, ಸರಕು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ಸಾಕು.

ಮೊದಲ ಸಲವಾದರೆ ವರ್ತಕರು. ಸ್ವಂತ ಹೆಸರು ಬೆಳೆಸಬೇಕಾದರೆ, ಸುರಕ್ಷತಾ ಪರೀಕ್ಷೆಗೆ ದುಡ್ಡಿದ್ದರೆ ನೇರ ರಫ್ತು. ಕೊಲ್ಲಿ ದೇಶಗಳಲ್ಲಿ ಕಾಯಂ ಸಗಟು ಗಿರಾಕಿಗಳಿದ್ದರೆ ಮಾತ್ರ ದುಬೈ ಕಚೇರಿ; ಸುಮ್ನೆ ಬೋರ್ಡಿಗಾಗಿ ಬೇಡ.