ಥಾಯ್ ಹಳ್ಳಿಯ ಬಾಡಿಗೆ ಮನೆ: ಬಾಗಲಕೋಟೆ ಕಡೆಯ ಕುಟುಂಬಗಳಿಗಾಗಿ ಒಂದು ವಿಮರ್ಶೆ

ಥಾಯ್ಲೆಂಡಿನ ಈಶಾನ್ಯ ಭಾಗಕ್ಕೆ ಇಸಾನ್ ಎನ್ನುತ್ತಾರೆ. ಅಲ್ಲಿನ ಖೋನ್ ಕೇನ್ ಪ್ರಾಂತದಲ್ಲಿ, ರೇಷ್ಮೆಗೆ ಹೆಸರಾದ ಚೊನ್ನಬೋತ್ ಪಟ್ಟಣದ ಹತ್ತಿರ, ಭತ್ತ ಬೆಳೆಯುವ ಹಳ್ಳಿಯೊಂದರಲ್ಲಿ ವಿದೇಶಿಯರಿಗೆ ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಒಂದು ಮನೆಯಿದೆ. 2025ರ ನವೆಂಬರಿನಿಂದ ಸಂಕ್ರಾಂತಿಯ ತನಕ ನಾನು ಮತ್ತು ನನ್ನ ಹೆಂಡತಿ ಅದರಲ್ಲಿ ಇದ್ದು ಬಂದೆವು. ಮನೆಗೆ ಫಲಕವಿಲ್ಲ, ಹೆಸರಿಲ್ಲ, ಬುಕಿಂಗ್ ಆ್ಯಪ್‌ಗಳಲ್ಲಿಯೂ ಅದು ಕಾಣುವುದಿಲ್ಲ; ಆ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ದುಡಿಯುವ ಪರದೇಶದವರ ಬಾಯಿಂದ ಬಾಯಿಗೆ ಅದರ ಸುದ್ದಿ ಹರಡುತ್ತದೆ. ನಮಗೂ ಅದು ತಿಳಿದದ್ದು ಅಲ್ಲಿ ನೌಕರಿಯಲ್ಲಿರುವ ಮಗನ ಮೂಲಕ. ಜಮಖಂಡಿ, ಮುಧೋಳ, ಅಥಣಿ, ಇಂಡಿ ಕಡೆಯಿಂದ ಸಕ್ಕರೆ ತಂತ್ರಜ್ಞರಾಗಿ ಹೊರದೇಶಕ್ಕೆ ಹೋದ ಹುಡುಗರ ತಂದೆತಾಯಿಗಳು “ಅಲ್ಲಿ ನಮ್ಮಂಥಾವ್ರು ಇರಾಕ ಆಗತೈತೇನ್ರಿ” ಎಂದು ಮೇಲಿಂದ ಮೇಲೆ ಕೇಳುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಟ್ಟಡಕ್ಕೆ ಮಧ್ಯಮ ದರ್ಜೆ ಕೊಡಬಹುದು. ಮನೆಯೊಡತಿಯ ಸೇವೆಗೆ ಮೊದಲ ದರ್ಜೆ. ಬಾಡಿಗೆಯಲ್ಲಿಯೇ ಸೇರಿದೆಯೆಂದು ಹೇಳಲಾಗುವ ಊಟಕ್ಕೆ, ಸಸ್ಯಾಹಾರಿಗಳ ಮಟ್ಟಿಗೆ, ಏನನ್ನೂ ಕೊಡಲಾಗದು. ತಿಂಗಳಿಗೆ 9,000 ಬಾತ್ (ಥಾಯ್ಲೆಂಡಿನ ಹಣ) ಬಾಡಿಗೆ, ವಿದ್ಯುತ್ತಿಗೆ ಮೀಟರಿನ ಪ್ರಕಾರ ಬೇರೆ ಹಣ. ಇಷ್ಟು ಹಣವನ್ನು ನಾವು ಕೊಟ್ಟದ್ದು ನಾಲ್ಕು ಗೋಡೆಗಳಿಗಿಂತ ಹೆಚ್ಚಾಗಿ ಆ ಹೆಣ್ಣುಮಗಳ ಓಡಾಟಕ್ಕೆ, ಮತ್ತು ಆ ಲೆಕ್ಕದಲ್ಲಿ ಅದು ಹೆಚ್ಚೇನೂ ಅಲ್ಲ.

ಕಟ್ಟಡದ ಬಗ್ಗೆ ಬೇಗ ಮುಗಿಸುತ್ತೇನೆ. ಇಸಾನಿನ ಹಳೆಯ ಮನೆಗಳಂತೆ ಇದೂ ಕಂಬಗಳ ಮೇಲೆ ನಿಂತ ಮರದ ಮನೆ. ಕೆಳಗಿನ ಬಯಲು ಜಾಗಕ್ಕೆ ಆಮೇಲೆ ಇಟ್ಟಿಗೆ ಗೋಡೆ ಕಟ್ಟಿ ಎರಡು ಕೋಣೆ ಮತ್ತು ಬಚ್ಚಲು ಮಾಡಿದ್ದಾರೆ. ಮೊಣಕಾಲು ನೋವಿರುವವರು ಕೆಳಗೇ ಇರಬಹುದು. ವಿದ್ಯುತ್ತು ನಮ್ಮಂತೆಯೇ 220–230 ವೋಲ್ಟ್, ಆದರೆ ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂಡುವುದಿಲ್ಲ. ಮಿಕ್ಸರ್ ಒಯ್ಯುವವರು ಅಡಾಪ್ಟರ್ ಇಟ್ಟುಕೊಳ್ಳಬೇಕು. ನಳದ ನೀರು ಸ್ನಾನ ಮತ್ತು ಬಟ್ಟೆಗೆ ಮಾತ್ರ. ಕುಡಿಯುವ ನೀರಿಗೆ ಊರಿನ ನಡುವೆ ನಾಣ್ಯ ಹಾಕಿ ಹಿಡಿದುಕೊಳ್ಳುವ ಯಂತ್ರವಿದೆ. ಹಿತ್ತಲಿನಲ್ಲಿ ಆಳೆತ್ತರದ ಸಿಮೆಂಟಿನ ಹರವಿಗಳು ಸಾಲಾಗಿ ನಿಂತಿವೆ. ಮಾಳಿಗೆಯ ಮಳೆನೀರು ಕೊಳವೆಯ ಮೂಲಕ ಅವುಗಳಲ್ಲಿ ಬೀಳುತ್ತದೆ. 1980ರ ದಶಕದಲ್ಲಿ ಸರಕಾರವೇ ಮುಂದೆ ನಿಂತು ಇಂಥ ಹರವಿಗಳನ್ನು ಹಳ್ಳಿಹಳ್ಳಿಗಳಲ್ಲಿ ಮಾಡಿಸಿತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ನಮ್ಮ ಊರುಗಳಿಗೆ ಇದು ಯಾಕೆ ಬರಲಿಲ್ಲವೋ ತಿಳಿಯದು.

ಇನ್ನು ಮನೆಯೊಡತಿಯ ವಿಷಯ. ಅವರ ಪತಿ ಯುರೋಪಿನ ನಿವೃತ್ತ ಮನುಷ್ಯ, ಮನೆ ಕಟ್ಟಲು ಹಣ ಹಾಕಿದವರೂ ಅವರೇ. ಆದರೆ ಥಾಯ್ ಕಾನೂನಿನಲ್ಲಿ ವಿದೇಶಿಯರು ಸಾಮಾನ್ಯವಾಗಿ ಭೂಮಿಯ ಒಡೆಯರಾಗುವಂತಿಲ್ಲವಾದ್ದರಿಂದ ಜಾಗ ಪೂರ್ತಿ ಹೆಂಡತಿಯ ಹೆಸರಿನಲ್ಲಿದೆ. ಸುತ್ತಲಿನ ಹಳ್ಳಿಗಳಲ್ಲಿ ಇಂಥ ಅಳಿಯಂದಿರು ಸಾಕಷ್ಟಿದ್ದಾರೆ, ಎಲ್ಲರ ಸ್ಥಿತಿಯೂ ಹೀಗೆಯೇ: ಮನೆ ಎದ್ದಿರುತ್ತದೆ, ಉತಾರದಲ್ಲಿ ಹೆಸರಿರುವುದಿಲ್ಲ. ಪತಿಯ ಕಾಗದಪತ್ರಗಳಿಗಾಗಿ ವರ್ಷಗಟ್ಟಲೆ ವಲಸೆ ಕಚೇರಿಗೆ ಅಲೆದು ಅಲೆದು ಈ ಹೆಣ್ಣುಮಗಳು ಪಳಗಿದ್ದಾರೆ, ಬಾಡಿಗೆದಾರರಿಗೆ ಒದಗುವುದು ಆ ಪಳಗಿಕೆಯೇ.

ಅದರ ಬೆಲೆ ಹೋದ ಮೊದಲ ದಿನವೇ ಗೊತ್ತಾಗುತ್ತದೆ. ವಿದೇಶಿಯರು ಮನೆಯಲ್ಲಿ ಉಳಿದರೆ 24 ಗಂಟೆಗಳೊಳಗೆ ಮನೆಯ ಮಾಲೀಕರು ವಲಸೆ ಕಚೇರಿಗೆ ವರದಿ ಕೊಡಬೇಕು. ಅದಕ್ಕೆ ಟಿಎಂ 30 ಎಂದು ಹೆಸರು. ಅನೇಕ ಮಾಲೀಕರು ಇದನ್ನು ಮಾಡುವುದೇ ಇಲ್ಲ, ಮತ್ತು ಮುಂದೆ ವಾಸದ ಅವಧಿ ವಿಸ್ತರಿಸಲು ಹೋದಾಗ ಅದರ ರಸೀದಿ ಕೇಳಿದರೆ ಬಾಡಿಗೆದಾರರು ಸಿಕ್ಕಿಬೀಳುತ್ತಾರೆ. ನಮ್ಮ ಮನೆಯೊಡತಿ ನಾವು ಚಹಾ ಕುಡಿದು ಮುಗಿಸುವುದರೊಳಗೆ ಪಾಸ್‌ಪೋರ್ಟಿನ ಚಿತ್ರ ತೆಗೆದು ಮೊಬೈಲಿನಲ್ಲಿಯೇ ವರದಿ ಸಲ್ಲಿಸಿದರು. 2024ರ ಜುಲೈಯಲ್ಲಿ ಬಂದ ನಿಯಮದಂತೆ ನಮ್ಮ ದೇಶದವರಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶವಿತ್ತು. ಅದನ್ನು 1,900 ಬಾತ್ ಕಟ್ಟಿ ಇನ್ನೂ 30 ದಿನ ವಿಸ್ತರಿಸಿಕೊಂಡೆವು. ಅರ್ಜಿ ತುಂಬಿದವರು, ಜೆರಾಕ್ಸ್ ಮಾಡಿಸಿದವರು, ಕಚೇರಿಯಲ್ಲಿ ಮಾತನಾಡಿದವರು ಎಲ್ಲವೂ ಅವರೇ. ಇಂಥ ನಿಯಮಗಳು ಆಗಾಗ ಬದಲಾಗುತ್ತವೆಯಾದ್ದರಿಂದ ಹೊರಡುವ ಮೊದಲು ಥಾಯ್ ರಾಯಭಾರ ಕಚೇರಿಯ ಜಾಲತಾಣವನ್ನು ನೋಡಿಕೊಳ್ಳಬೇಕು. ವರ್ಷಗಟ್ಟಲೆ ಅಲ್ಲಿಯೇ ಇರುವ ಆಸೆಯಿರುವವರಿಗೆ ನಿವೃತ್ತರ ವ್ಯವಸ್ಥೆ ಬೇರೆಯಿದೆ: 50 ವರ್ಷ ತುಂಬಿರಬೇಕು, ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು, ಪ್ರತಿ 90 ದಿನಕ್ಕೊಮ್ಮೆ ವಿಳಾಸದ ವರದಿ ಕೊಡಬೇಕು. ಒಂದು ಬಾತಿಗೆ ಎರಡೂವರೆಯಿಂದ ಮೂರು ರೂಪಾಯಿಯ ಲೆಕ್ಕ ಹಿಡಿದರೆ ಇದು ಕಬ್ಬಿನ ಬಿಲ್ಲಿನ ಮೇಲೆ ಬದುಕುವವರ ಮಾತಲ್ಲ.

ಕಾಗದಪತ್ರಕ್ಕಿಂತ ದೊಡ್ಡ ಉಪಕಾರವೆಂದರೆ ಊರಿನೊಳಗೆ ನಮ್ಮನ್ನು ಸೇರಿಸಿದ್ದು. ಪ್ರತಿ ಹಳ್ಳಿಗೂ ಪು ಯಾಯ್ ಬಾನ್ ಎಂಬ ಮುಖ್ಯಸ್ಥನಿರುತ್ತಾನೆ. ಬೆಳಗಿನ ಜಾವ ಧ್ವನಿವರ್ಧಕದಲ್ಲಿ ಊರಿಗೆಲ್ಲ ಸುದ್ದಿ ಹೇಳುವುದು ಅವನ ರೂಢಿ. ಮನೆಯೊಡತಿ ನಮ್ಮನ್ನು ಅವನ ಮನೆಗೆ ಕರೆದುಕೊಂಡು ಹೋಗಿ ಪರಿಚಯಿಸಿದ ಮರುದಿನ ಧ್ವನಿವರ್ಧಕದಲ್ಲಿ ‘ಇಂದಿಯಾ’ ಎಂಬ ಶಬ್ದ ಕೇಳಿಬಂತು, ಅಂದಿನಿಂದ ಯಾರೂ ನಮ್ಮನ್ನು ಅಪರಿಚಿತರಂತೆ ನೋಡಲಿಲ್ಲ. ಮದುವೆ, ಸಾವು, ಗುಡಿಯ ಕಾರ್ಯ ಯಾವುದಿದ್ದರೂ ಮನೆಗೆ ಒಂದು ಲಕೋಟೆ ಬರುತ್ತದೆ, ಅದರಲ್ಲಿ ಹಣವಿಟ್ಟು ಮರಳಿಸಬೇಕು. ನಮ್ಮ ಆಹೇರದ ಪದ್ಧತಿ ಬಲ್ಲವರಿಗೆ ಇದು ಹೊಸದಲ್ಲ; ಆದರೆ ಎಷ್ಟು ಇಡಬೇಕು ಎಂಬುದು ತಿಳಿಯದೆ ಬಹಳಷ್ಟು ವಿದೇಶಿಯರು ಒಂದೋ ಕಡಿಮೆ ಇಟ್ಟು ಜಿಪುಣರೆನಿಸಿಕೊಳ್ಳುತ್ತಾರೆ, ಇಲ್ಲವೇ ಹೆಚ್ಚು ಇಟ್ಟು ಮುಂದಿನ ಲಕೋಟೆಗಳ ಸಾಲಿಗೆ ದಾರಿ ಮಾಡಿಕೊಡುತ್ತಾರೆ. ಯಾವುದಕ್ಕೆ ನೂರು ಬಾತ್, ಯಾವುದಕ್ಕೆ ಅದಕ್ಕಿಂತ ಹೆಚ್ಚು ಎಂಬುದನ್ನು ಮನೆಯೊಡತಿ ಕಿವಿಯಲ್ಲಿ ಹೇಳುತ್ತಿದ್ದರು. ನನ್ನ ಹೆಂಡತಿ ಅವರನ್ನು “ಅಕ್ಕಾರ” ಎಂದೇ ಕರೆಯುತ್ತಿದ್ದಳು; ಅವರಲ್ಲಿಯೂ ತಮಗಿಂತ ಹಿರಿಯರನ್ನು ಹೆಸರಿಗೆ ಮೊದಲು ‘ಪೀ’ (ಅಕ್ಕ, ಅಣ್ಣ) ಸೇರಿಸದೆ ಕರೆಯುವುದು ಸಲ್ಲದಾದ್ದರಿಂದ ಅದು ಅವರಿಗೆ ಬಹಳ ಹಿಡಿಸಿತು.

ಊಟದ ವಿಷಯಕ್ಕೆ ಬಂದರೆ ಹೊಗಳಿಕೆ ನಿಲ್ಲಿಸಬೇಕಾಗುತ್ತದೆ. ‘ತರಕಾರಿ ಅಡುಗೆ ಸಿಗುತ್ತದೆಯೇ’ ಎಂದು ಮೊದಲೇ ಕೇಳಿಸಿದ್ದೆವು, ಅವರೂ ಸಿಗುತ್ತದೆ ಎಂದಿದ್ದರು. ಮೊದಲ ಮಧ್ಯಾಹ್ನ ಬಂದದ್ದು ಹಸಿ ಪಪ್ಪಾಯಿಯನ್ನು ಮೆಣಸಿನಕಾಯಿಯೊಂದಿಗೆ ಒರಳಿನಲ್ಲಿ ಕುಟ್ಟಿ ಮಾಡುವ ಸೋಮ್ ತಮ್. ನೋಡಲು ನಮ್ಮ ಕೋಸಂಬರಿಯೇ. ಆದರೆ ಇಸಾನಿನಲ್ಲಿ ಅದಕ್ಕೆ ಹುದುಗಿಸಿದ ಮೀನಿನ ಪ್ಲಾ ರಾ ಬೀಳದೆ ಅದು ಪೂರ್ತಿಯಾಗುವುದಿಲ್ಲ. ಸೊಪ್ಪಿನ ಪಲ್ಯ ಕೇಳಿದರೆ ಅದರಲ್ಲಿ ಮೀನಿನ ಸಾರದ ನಮ್ ಪ್ಲಾ ಅಥವಾ ಸಿಂಪಿಯ ಸಾಸ್ ಇರುತ್ತದೆ. ಮೋಸ ಮಾಡುವ ಉದ್ದೇಶ ಅಡುಗೆಯವರಿಗೆ ಖಂಡಿತ ಇರಲಿಲ್ಲ. ಅವರ ಎಣಿಕೆಯಲ್ಲಿ ತುಂಡು ಕಾಣದಿದ್ದರೆ ಅದು ತರಕಾರಿಯೇ. ‘ಕಿನ್ ಜೇ’ (ವ್ರತದ ಶುದ್ಧ ಸಸ್ಯಾಹಾರ) ಎಂದು ಹೇಳಿದರೆ ಮಾತ್ರ ಅವರಿಗೆ ಪೂರ್ತಿ ಅರ್ಥವಾಗುತ್ತದೆ, ಆದರೆ ಆ ವ್ರತದ ಊಟದಲ್ಲಿ ಬೆಳ್ಳುಳ್ಳಿ, ಉಳ್ಳಾಗಡ್ಡಿ, ಹಾಲು, ಮೊಸರು ಯಾವುದೂ ಸಲ್ಲದು. ಪೇಟೆಯಲ್ಲಿ ಹಳದಿ ಬಾವುಟ ಹಾಕಿದ ಜೇ ಅಂಗಡಿಗಳು ಸಿಗುತ್ತವೆ, ಹಳ್ಳಿಯಲ್ಲಿ ಇಲ್ಲ.

ಆದ್ದರಿಂದ ನಾವು ಊಟವನ್ನು ಬಿಟ್ಟು ಅಡುಗೆಮನೆಯನ್ನು ಹಿಡಿದೆವು, ಮುಂದೆ ಹೋಗುವವರೂ ಮೊದಲ ದಿನದಿಂದಲೇ ಹಾಗೆ ಮಾಡುವುದು ಒಳ್ಳೆಯದು. ಗ್ಯಾಸ್ ಒಲೆಯಿದೆ, 15 ಕಿಲೋದ ಸಿಲಿಂಡರನ್ನು ಫೋನ್ ಮಾಡಿದರೆ ತಂದುಕೊಡುತ್ತಾರೆ. ಜೋಳದ ಹಿಟ್ಟು ಅಲ್ಲಿ ಸಿಗುವುದಿಲ್ಲ, ತೊಗರಿಬೇಳೆ ಹಳ್ಳಿಯಲ್ಲಿ ಇಲ್ಲ. ಹೆಸರುಬೇಳೆ, ಶೇಂಗಾ, ಹುಣಸೆ, ಕೊತ್ತಂಬರಿ, ಅಲಸಂದಿ ಕಾಯಿ, ಹೀರೇಕಾಯಿ, ಗುಂಡು ಬದನೆ ಧಾರಾಳ. ಬೆಳಿಗ್ಗೆ ಪಿಕಪ್ ಗಾಡಿಯೊಂದು ಸುತ್ತಲೂ ತರಕಾರಿಯ ಪೊಟ್ಟಣಗಳನ್ನು ನೇತುಹಾಕಿಕೊಂಡು ಮನೆಬಾಗಿಲಿಗೆ ಬರುತ್ತದೆ. ಮೊಸರಿಗೆ ಮಾತ್ರ ಪಟ್ಟಣದ ಸೆವೆನ್ ಇಲೆವೆನ್ ಅಂಗಡಿಯೇ ಗತಿ, ಅದರಲ್ಲಿಯೂ ಸಕ್ಕರೆ ಹಾಕದ್ದನ್ನು ನೋಡಿ ಆರಿಸಬೇಕು. ಇಳಕಲ್ಲಿನ ಬೀಗರು ಕಟ್ಟಿಕೊಟ್ಟಿದ್ದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ನಮ್ಮನ್ನು ಬಹುಕಾಲ ಕಾಯ್ದವು. ಸ್ಥಳೀಯ ಆಹಾರದಲ್ಲಿ ನಮಗೆ ಒಗ್ಗಿದ್ದು ಅಂಟಕ್ಕಿಯ ಅನ್ನ: ರಾತ್ರಿ ನೆನೆಯಿಟ್ಟ ಅಕ್ಕಿಯನ್ನು ಬಿದಿರಿನ ಬುಟ್ಟಿಯಲ್ಲಿ ಹಬೆಯ ಮೇಲೆ ಬೇಯಿಸುತ್ತಾರೆ, ಕೈಯಲ್ಲಿ ಉಂಡೆ ಕಟ್ಟಿ ಉಣ್ಣುತ್ತಾರೆ. ಗುರೆಳ್ಳ ಹಿಂಡಿಗೆ ಅದು ಎಷ್ಟು ಹೊಂದಿತೆಂದರೆ, ಮನೆಯೊಡತಿಯ ತಾಯಿ ನಮ್ಮ ಡಬ್ಬಿಯಲ್ಲಿ ಅರ್ಧ ಖಾಲಿ ಮಾಡಿದರು.

ಆ ತಾಯಿಯ ರೇಷ್ಮೆ ಕೆಲಸವೇ ಈ ಮನೆಯ ಅತ್ಯುತ್ತಮ ಸೌಲಭ್ಯ, ಆದರೆ ಬಾಡಿಗೆಯ ಮಾತಿನಲ್ಲಿ ಯಾರೂ ಅದನ್ನು ಹೇಳುವುದಿಲ್ಲ. ಹಿತ್ತಲಿನ ಚಪ್ಪರದಲ್ಲಿ ಹಳದಿ ಗೂಡುಗಳನ್ನು ಬಿಸಿನೀರಿನ ಗಡಿಗೆಯಲ್ಲಿ ಹಾಕಿ ಕೈಯಿಂದ ನೂಲು ತೆಗೆಯುತ್ತಾರೆ. ಒಳಗಿನ ಹುಳುಗಳನ್ನು ಮಕ್ಕಳು ಪಕ್ಕದಲ್ಲಿಯೇ ಕುಳಿತು ತಿನ್ನುತ್ತಾರೆ, ಅದಕ್ಕೆ ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ಮಡ್‌ಮೀ ಎಂಬ ಅವರ ಪದ್ಧತಿಯಲ್ಲಿ ಹೊಕ್ಕಿನ (ಅಡ್ಡ ಎಳೆಯ) ನೂಲನ್ನು ಚೌಕಟ್ಟಿಗೆ ಸುತ್ತಿ, ವಿನ್ಯಾಸಕ್ಕೆ ತಕ್ಕಂತೆ ಅಲ್ಲಲ್ಲಿ ಬಿಗಿಯಾಗಿ ಕಟ್ಟಿ, ಬಣ್ಣದಲ್ಲಿ ಅದ್ದಿ, ಬಿಚ್ಚಿ, ಮತ್ತೆ ಕಟ್ಟಿ ಇನ್ನೊಂದು ಬಣ್ಣದಲ್ಲಿ ಅದ್ದುತ್ತಾರೆ. ಮಗ್ಗಕ್ಕೆ ಹೋಗುವ ಮೊದಲೇ ಚಿತ್ರ ನೂಲಿನಲ್ಲಿ ಇರುತ್ತದೆ. ಇಳಕಲ್ಲಿನ ನೇಕಾರರ ಮನೆಯಲ್ಲಿ ಬೆಳೆದ ನನ್ನ ಹೆಂಡತಿ ತನ್ನ ಸೀರೆಯೊಂದರ ಮಡಿಕೆ ಬಿಚ್ಚಿ, ಒಡಲಿನ ಹಾಸುನೂಲಿಗೆ (ಉದ್ದ ಎಳೆಗೆ) ಸೆರಗಿನ ರೇಷ್ಮೆಯ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸಿದ ಜಾಗವನ್ನು ಬೆರಳಿಟ್ಟು ತೋರಿಸಿದಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಅಂದು ಸಂಜೆಯವರೆಗೆ ಇಬ್ಬರೂ ಆ ಚಪ್ಪರ ಬಿಟ್ಟು ಏಳಲಿಲ್ಲ. ಈ ರೇಷ್ಮೆಗೆ ದೇಶದಾಚೆ ಹೆಸರು ತಂದವರಲ್ಲಿ ಮುಖ್ಯರಾದ ರಾಣಿ ಸಿರಿಕಿತ್ 2025ರ ಅಕ್ಟೋಬರ್ 24ರಂದು ತೀರಿಕೊಂಡಿದ್ದರು. ನಾವು ಹೋದಾಗ ನೇಕಾರ ಹೆಂಗಸರು ಕಪ್ಪು ಬಟ್ಟೆಯಲ್ಲಿಯೇ ಮಗ್ಗಕ್ಕೆ ಕೂರುತ್ತಿದ್ದರು.

ಹಂಗಾಮಿನ ಆಯ್ಕೆಯೂ ಮುಖ್ಯ. ಅಲ್ಲಿನ ಸುವಾಸನೆಯ ಅಕ್ಕಿಯ ತಳಿ ಹಗಲಿನ ಉದ್ದಕ್ಕೆ ಸ್ಪಂದಿಸುವಂಥದ್ದು; ಹೆಚ್ಚು ಕಡಿಮೆ ಯಾವಾಗ ನಾಟಿ ಮಾಡಿದರೂ ಅಕ್ಟೋಬರ್ ಕೊನೆಗೆ ಹೂ ಬಿಟ್ಟು ನವೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಹೀಗಾಗಿ ಊರಿಗೆ ಊರೇ ಒಮ್ಮೆಲೇ ಗದ್ದೆಯಲ್ಲಿರುತ್ತದೆ. ನಮ್ಮ ಮುಯ್ಯಾಳಿನಂಥ ಪದ್ಧತಿ ಅವರಲ್ಲಿಯೂ ಇತ್ತಂತೆ, ಈಗ ಬಹುಪಾಲು ಯಂತ್ರದ ಕೊಯ್ಲು. ಮೂಲೆಯ ತುಂಡು ಗದ್ದೆಗಳಲ್ಲಿ ಕುಡುಗೋಲು ಹಿಡಿದವರನ್ನು ಕಂಡು ನಾನೂ ಇಳಿಯಲು ಹೊರಟಾಗ ಮನೆಯೊಡತಿ ಬಿಡಲಿಲ್ಲ. ಪ್ರವಾಸಿಯಾಗಿ ಬಂದವರು ಕೆಲಸ ಮಾಡಿದಂತೆ ಕಂಡರೆ ಅನುಮತಿಯ ಪ್ರಶ್ನೆ ಏಳುತ್ತದೆ ಎಂಬುದು ಅವರ ಅಂಜಿಕೆ. ಡಿಸೆಂಬರಿನಿಂದ ಕಬ್ಬು ನುರಿಸುವ ಹಂಗಾಮು ಶುರುವಾಗುತ್ತದೆ. ಅವರಲ್ಲಿ 1984ರ ಕಾಯಿದೆಯಂತೆ ಸಕ್ಕರೆಯ ಆದಾಯದಲ್ಲಿ ರೈತರಿಗೆ 70, ಕಾರ್ಖಾನೆಗೆ 30 ಪಾಲು ಎಂದು ಮಗ ಹೇಳಿದಾಗ ಅದನ್ನು ನಮ್ಮ ಊರಿನ ಗೆಳೆಯರಿಗೆ ಅಂದೇ ವಾಟ್ಸ್ಆ್ಯಪಿನಲ್ಲಿ ಕಳಿಸಿದೆ. ಫೆಬ್ರವರಿಯ ಹೊತ್ತಿಗೆ ಕಬ್ಬಿನ ರವದಿ ಮತ್ತು ಗದ್ದೆಯ ಕೂಳೆ ಸುಡುವ ಹೊಗೆ ದಟ್ಟವಾಗುತ್ತದೆ, ದಮ್ಮಿನ ತೊಂದರೆಯಿರುವವರು ಅಷ್ಟರೊಳಗೆ ಮರಳಬೇಕು.

ಆರೋಗ್ಯದ ವ್ಯವಸ್ಥೆ ಚೆನ್ನಾಗಿದೆ: ಹತ್ತಿರದಲ್ಲಿ ಸಣ್ಣ ಆರೋಗ್ಯ ಕೇಂದ್ರ, ತಾಲ್ಲೂಕಿನಂಥ ಊರಿನಲ್ಲಿ ಸರಕಾರಿ ಆಸ್ಪತ್ರೆ, ಖೋನ್ ಕೇನಿನಲ್ಲಿ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ. ಆದರೆ 2002ರಿಂದ ನಡೆದಿರುವ ಅವರ ಸಾರ್ವತ್ರಿಕ ಚಿಕಿತ್ಸಾ ಯೋಜನೆ ಥಾಯ್ ನಾಗರಿಕರಿಗೆ ಮಾತ್ರ, ನಾವು ಪೂರ್ತಿ ಹಣ ಕೊಡಬೇಕು, ವಿಮೆಯಿಲ್ಲದೆ ಹೋಗಬಾರದು. ಔಷಧ ಕೊಂಡಾಗ ಅವಧಿಯ ವರ್ಷ ಬುದ್ಧ ಶಕೆಯಲ್ಲಿದ್ದರೆ ಗಾಬರಿಯಾಗಬೇಕಿಲ್ಲ, 543 ಕಳೆದರೆ ಸರಿಹೋಗುತ್ತದೆ. ಸಂತೆಯ ಅಂಗಡಿಗಳೆಲ್ಲ ಕ್ಯೂಆರ್ ಸಂಕೇತದ ಮೇಲೆ ನಡೆಯುತ್ತವೆ, ನಮಗೆ ಥಾಯ್ ಬ್ಯಾಂಕಿನ ಖಾತೆ ಇಲ್ಲದ್ದರಿಂದ ನಾವು ನಗದನ್ನೇ ನೆಚ್ಚಿಕೊಂಡೆವು. ಎಟಿಎಂ ಪ್ರತಿ ಸಲವೂ ವಿದೇಶಿ ಕಾರ್ಡಿಗೆ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುವುದರಿಂದ ಒಮ್ಮೆಗೇ ಹೆಚ್ಚು ತೆಗೆಯಬೇಕು. ವಾಹನಗಳು ನಮ್ಮಂತೆ ಎಡಗಡೆ ಓಡುತ್ತವೆ. ರಾತ್ರಿ ಬೀದಿನಾಯಿಗಳ ಕಾಟ ಮಾತ್ರ ನಮ್ಮ ಊರನ್ನೂ ಮೀರಿಸಿದ್ದು; ಕೋಲಿಲ್ಲದೆ ಹೊರಗೆ ಹೋಗದಿರುವುದು ಲೇಸು.

ಮನೆ ಬೇಕಾದವರು ಆಗಸ್ಟಿನೊಳಗೇ ಕೇಳಬೇಕು, ಯಾಕೆಂದರೆ ಕೊಯ್ಲಿನ ಹೊತ್ತಿಗೆ ಬ್ಯಾಂಕಾಕಿನಲ್ಲಿ ದುಡಿಯುವ ಅವರ ಬಂಧುಗಳು ಬಂದು ಮೇಲಿನ ಅಟ್ಟ ತುಂಬುತ್ತಾರೆ, ಏಪ್ರಿಲಿನ ಸೊಂಗ್‌ಕ್ರಾನ್ ಹಬ್ಬಕ್ಕಂತೂ ಯಾರಿಗೂ ಕೊಡುವುದಿಲ್ಲ. ಅಲ್ಲಿ ವಾಟ್ಸ್ಆ್ಯಪ್ ಬಳಸುವವರು ಕಡಿಮೆ, ಎಲ್ಲ ಮಾತುಕತೆ ಲೈನ್ ಎಂಬ ಆ್ಯಪಿನಲ್ಲಿ ನಡೆಯುತ್ತದೆ. ಅದನ್ನು ಹಾಕಿಕೊಂಡು ಥಾಯ್ ಭಾಷೆಗೆ ಅನುವಾದಿಸಿ ಬರೆದರೆ ಅಂದೇ ಉತ್ತರ ಬರುತ್ತದೆ. ಒಂದು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಟ್ಟುಕೊಳ್ಳುತ್ತಾರೆ, ಹೊರಡುವ ದಿನ ಮೀಟರ್ ನೋಡಿ ಉಳಿದದ್ದನ್ನು ಕೈಗೆ ಕೊಡುತ್ತಾರೆ. ಊಟ ಬೇಡ, ಅಡುಗೆ ನಾವೇ ಮಾಡಿಕೊಳ್ಳುತ್ತೇವೆ ಎಂದು ಮೊದಲೇ ಬರೆದರೆ ಬಾಡಿಗೆಯಲ್ಲಿ ಸ್ವಲ್ಪ ಇಳಿಸುತ್ತಾರೆ. ನಮಗೆ ಎರಡನೆಯ ತಿಂಗಳಿನಿಂದ ಇಳಿಸಿದರು.