ಅರ್ಧಕ್ಕೆ ಬಿಟ್ಟ ಕಾರ್ಟ್: ವಾಟ್ಸಾಪ್, ಇಮೇಲ್, ಎಸ್ಸೆಮ್ಮೆಸ್ ಮೂರರಲ್ಲಿ ಯಾವುದು?

ಸಣ್ಣ ಆನ್‌ಲೈನ್ ಅಂಗಡಿಯವರು, ಕಾರ್ಟ್‌ಗೆ (ಖರೀದಿಯ ಬುಟ್ಟಿಗೆ) ಸಾಮಾನು ಹಾಕಿ ದುಡ್ಡು ಕಟ್ಟದೆ ಅರ್ಧಕ್ಕೆ ಎದ್ದುಹೋದ ಗಿರಾಕಿಯನ್ನು ಮತ್ತೆ ಕರೆಯಬೇಕಾದರೆ ವಾಟ್ಸಾಪ್‌ಗಿಂತ ಒಳ್ಳೆಯ ದಾರಿ ಇಲ್ಲ. ಇಮೇಲ್ ಎರಡನೆಯದು, ಅದೂ ಕೆಲವರಿಗೆ ಮಾತ್ರ. ಎಸ್ಸೆಮ್ಮೆಸ್ ಈ ಕೆಲಸಕ್ಕೆ ಬೇಡವೇ ಬೇಡ. ಇಳಕಲ್ ಸೀರೆ ಮಾರುವ ಅಂಗಡಿಗೆ ಮೂರನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಸೀರೆ ಆರಿಸಿ, ವಿಳಾಸ ತುಂಬುವವರೆಗೂ ಬಂದು ನಿಂತವರ ಮನಸ್ಸಿನಲ್ಲಿ ಹೆಚ್ಚಾಗಿ ಒಂದು ಪ್ರಶ್ನೆ ಉಳಿದಿರುತ್ತದೆ. ಸೆರಗು ಶುದ್ಧ ರೇಷ್ಮೆಯೋ, ಆರ್ಟ್ ಸಿಲ್ಕೋ? ಆರು ಗಜದ್ದೋ, ಒಂಬತ್ತು ಗಜದ್ದೋ? ಜೊತೆಗೆ ಗುಳೇದಗುಡ್ಡದ ಖಣ ಬರುತ್ತದೆಯೋ? ಗೌರಿ ಹಬ್ಬದೊಳಗೆ ಕೈಸೇರುತ್ತದೆಯೋ? ಇದಕ್ಕೆ ಉತ್ತರ ಸಿಕ್ಕರೆ ಕೊಳ್ಳುತ್ತಾರೆ, ಸಿಗದಿದ್ದರೆ ಇಲ್ಲ. ಆದ್ದರಿಂದ ‘ಕಾರ್ಟ್ ಹಾಗೇ ಇದೆ’ ಎಂದು ನೆನಪಿಸಿದರೆ ಸಾಲದು, ಗಿರಾಕಿ ಅಲ್ಲೇ ತಿರುಗಿ ಕೇಳುವಂತಿರಬೇಕು. ಎಸ್ಸೆಮ್ಮೆಸ್‌ನ ಹೆಡರ್‌ಗೆ, ಅಂದರೆ ಕಳಿಸಿದವರ ಜಾಗದಲ್ಲಿ ಕಾಣುವ ಅಂಗಡಿಯ ಗುರುತಿಗೆ, ಯಾರೂ ಉತ್ತರ ಬರೆಯಲಾಗದು. ಇಮೇಲ್‌ಗೆ ಬರೆಯಬಹುದು, ಆದರೆ ಬರೆಯುವವರು ಕಡಿಮೆ.

ಯಾವ ಸಂದೇಶಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ: ಸಾಗಣೆ ಖರ್ಚನ್ನು ಸೀರೆಯ ಪುಟದಲ್ಲೇ ತೋರಿಸಿ. ಕಾರ್ಟ್ ಬಿಡುವವರ ಪ್ರಮಾಣ ಸರಾಸರಿ 70 ಶೇಕಡಾ ಆಸುಪಾಸು ಎಂದು ಆನ್‌ಲೈನ್ ಅಂಗಡಿಗಳ ಅಧ್ಯಯನ ನಡೆಸುವ ಬೇಮಾರ್ಡ್ ಸಂಸ್ಥೆ ಲೆಕ್ಕ ಹಾಕಿದೆ. ಬರೇ ನೋಡಲು ಬಂದವರನ್ನು ಬಿಟ್ಟರೆ, ಅವರ ಸಮೀಕ್ಷೆಗಳಲ್ಲಿ ಮೊದಲ ಕಾರಣವಾಗಿ ಬರುವುದು ಕೊನೆಯಲ್ಲಿ ಸೇರುವ ಹೆಚ್ಚುವರಿ ಖರ್ಚು. ಅದನ್ನು ಸರಿಪಡಿಸದೆ ಎಷ್ಟು ಸಂದೇಶ ಕಳಿಸಿದರೂ ಗಿರಾಕಿ ಬಂದು ಅದೇ ಗೋಡೆಗೆ ಢಿಕ್ಕಿ ಹೊಡೆಯುತ್ತಾರೆ.

ಈಗ ಎಸ್ಸೆಮ್ಮೆಸ್. ಕೇಳಲು ಅಗ್ಗ, ಎಲ್ಲ ಫೋನಿಗೂ ಹೋಗುತ್ತದೆ. ಟೆಲಿಕಾಂ ನಿಯಂತ್ರಕ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ಅಂಗಡಿ, ಹೆಡರ್, ಸಂದೇಶದ ಟೆಂಪ್ಲೇಟ್ (ಮೊದಲೇ ಬರೆದಿಟ್ಟ ನಮೂನೆ) ಎಲ್ಲವೂ ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ವ್ಯವಸ್ಥೆಯಲ್ಲಿ ನೋಂದಣಿಯಾಗಿರಬೇಕು. 2024ರ ಅಕ್ಟೋಬರ್ 1ರಿಂದ ಸಂದೇಶದೊಳಗಿನ ಲಿಂಕ್ ಕೂಡ ವೈಟ್‌ಲಿಸ್ಟ್ ಆಗಿರಬೇಕು, ಅಂದರೆ ಮೊದಲೇ ಮಂಜೂರಾಗಿರಬೇಕು. ಪ್ರಚಾರದ ಸಂದೇಶ ಬೆಳಿಗ್ಗೆ 10ರಿಂದ ರಾತ್ರಿ 9ರೊಳಗೆ ಮಾತ್ರ. ರಾತ್ರಿ ಊಟವಾದ ಮೇಲೆ ಸೀರೆ ನೋಡುವವರಿಗೆ ನಿಮ್ಮ ಸಂದೇಶ ಸಿಗುವುದು ಮರುದಿನವೇ.

ಇದನ್ನೆಲ್ಲ ಸಹಿಸಬಹುದು. ಕೈಕಟ್ಟಿಹಾಕುವುದು ಕನ್ನಡದ ಲೆಕ್ಕ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಆ 70 ಕೂಡ ನಾವು ಎಣಿಸುವ ಅಕ್ಷರವಲ್ಲ. ‘ಲ್ಲಿ’ ನಮಗೆ ಒಂದು ಅಕ್ಷರ, ಎಸ್ಸೆಮ್ಮೆಸ್‌ಗೆ ನಾಲ್ಕು: ಲ, ಅರ್ಧಾಕ್ಷರದ ಗುರುತು, ಮತ್ತೊಂದು ಲ, ಗುಡಿಸು. ‘ನಮಸ್ಕಾರ, ನಿಮ್ಮ ಕಾರ್ಟ್‌ನಲ್ಲಿ ಇಳಕಲ್ ಸೀರೆ ಉಳಿದಿದೆ. ಆರ್ಡರ್ ಪೂರ್ತಿ ಮಾಡಲು’ ಎನ್ನುವಷ್ಟರಲ್ಲಿ 70ರ ಗಡಿಗೆ ಬಂದಾಯಿತು, ಲಿಂಕ್ ಇನ್ನೂ ಬಂದೇ ಇಲ್ಲ. ಗಡಿ ದಾಟಿದರೆ ಸಂದೇಶ 67ರಂತೆ ತುಂಡಾಗುತ್ತದೆ, ಪ್ರತಿ ತುಂಡಿಗೂ ಬೇರೆ ದುಡ್ಡು. ಹೆಸರು, ಲಿಂಕ್ ಸೇರಿದರೆ ಒಂದು ನೆನಪೋಲೆಗೆ ಎರಡು-ಮೂರು ಎಸ್ಸೆಮ್ಮೆಸ್ ಬಿಲ್.

ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ಅಕ್ಷರ. ‘ಕಾರ್ಟ್‌ನಲ್ಲಿ’ ಎಂದು ಬರೆಯುವಾಗ ‘ನ’ ಒತ್ತಕ್ಷರವಾಗಿ ಕೆಳಗೆ ಅಂಟದಿರಲಿ ಎಂದು ಕೀಬೋರ್ಡ್ ನಡುವೆ ಒಂದು ಅದೃಶ್ಯ ಸಂಕೇತ ಇಡುತ್ತದೆ. ಕೆಲವು ಕೀಬೋರ್ಡ್‌ಗಳು ‘ಆರ್ಡರ್’ ಪದದ ಕೊನೆಗೂ ಅದನ್ನು ಸೇರಿಸುತ್ತವೆ. ಅಲ್ಲಿ ಅದು ಇದ್ದರೂ ಇಲ್ಲದಿದ್ದರೂ ನೋಡುವವರಿಗೆ ಒಂದೇ. ಆದರೆ ನೋಂದಾಯಿಸಿದ ಟೆಂಪ್ಲೇಟಿನಲ್ಲಿ ಅದು ಇದ್ದು, ಕಳಿಸುವ ಪಠ್ಯದಲ್ಲಿ ಇಲ್ಲದಿದ್ದರೆ ಎರಡೂ ಬೇರೆ ಬೇರೆ ಪಠ್ಯಗಳೇ. ಹೊಂದಾಣಿಕೆ ತಪ್ಪಿತೆಂದು ಸಂದೇಶ ದಾರಿಯಲ್ಲೇ ನಿಲ್ಲುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಗಂಟೆಗಟ್ಟಲೆ ಓದಿದರೂ ತಪ್ಪು ಸಿಗುವುದಿಲ್ಲ. ಕಳಿಸಲೇಬೇಕೆಂದರೆ ಪಠ್ಯವನ್ನು ಮತ್ತೆ ಟೈಪ್ ಮಾಡಬೇಡಿ, ಮಂಜೂರಾದ ಟೆಂಪ್ಲೇಟನ್ನು ಡಿಎಲ್‌ಟಿ ಪೋರ್ಟಲ್‌ನಿಂದಲೇ ಕಾಪಿ ಮಾಡಿ. ‘ಕಾರ್ಟ್‌ನಲ್ಲಿ’ ಬದಲು ‘ಬುಟ್ಟಿಯಲ್ಲಿ’ ಎಂಬಂಥ, ಈ ಸಂಕೇತ ಬೇಕಾಗದ ಪದ ಆರಿಸಿ.

ಇಮೇಲ್‌ಗೆ ಹೆಚ್ಚು ಖರ್ಚಿಲ್ಲ. ಆನ್‌ಲೈನ್ ಅಂಗಡಿ ಕಟ್ಟುವ ತಂತ್ರಾಂಶಗಳ ಪೈಕಿ ಶಾಪಿಫೈನಲ್ಲಿ ತಾನಾಗಿ ನೆನಪೋಲೆ ಕಳಿಸುವ ಸೌಲಭ್ಯ ಒಳಗೇ ಇದೆ, ವೂಕಾಮರ್ಸ್‌ಗೆ ಪ್ಲಗಿನ್ ಹಾಕಬೇಕು. ಶಾಪಿಫೈ ತಾನಾಗಿ ಸೂಚಿಸುವ 10 ಗಂಟೆಯ ಕಾಯುವಿಕೆಯನ್ನು 1 ಗಂಟೆಗೆ ಇಳಿಸಿ. ಪತ್ರ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರೂ ದಾಖಲೆಗಳು ನಿಮ್ಮ ಸ್ವಂತ ಡೊಮೇನ್‌ನಲ್ಲಿರಲಿ. ಉಚಿತ ಜಿಮೇಲ್ ವಿಳಾಸವನ್ನು ಕಳಿಸುವವರ ಜಾಗದಲ್ಲಿಟ್ಟರೆ ಪತ್ರ ಸ್ಪ್ಯಾಮ್‌ಗೆ ಬೀಳುವುದೇ ಹೆಚ್ಚು. ನಮ್ಮಲ್ಲಿ ಮೊಬೈಲ್ ನಂಬರ್ ಸರಿಯಾಗಿ ಕೊಟ್ಟು ಇಮೇಲ್ ಜಾಗದಲ್ಲಿ ಏನೋ ಒಂದು ತುಂಬುವವರು ಬಹಳ, ಅವರಿಗೆ ಇದು ತಲುಪುವುದೇ ಇಲ್ಲ. ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡಿಗರ ಮಾತು ಬೇರೆ. ಅವರು ಇಮೇಲ್ ಓದುತ್ತಾರೆ, ಅವರ ಹೊತ್ತು ನಮ್ಮದಕ್ಕಿಂತ ಬೇರೆಯಾದರೂ ಪತ್ರ ಕಾದಿರುತ್ತದೆ. ಅವರಿಗಾಗಿ ಇಮೇಲ್ ಇಟ್ಟುಕೊಳ್ಳಿ.

ವಾಟ್ಸಾಪ್ ಗೆಲ್ಲುವುದು ಉತ್ತರ ಬರೆಯಬಹುದೆಂಬ ಕಾರಣಕ್ಕಷ್ಟೇ ಅಲ್ಲ. ಇನ್‌ಸ್ಟಾಗ್ರಾಮ್ ಜಾಹೀರಾತು ಒತ್ತಿ ಬಂದವರು ಆ ಆ್ಯಪ್‌ನ ಒಳಗಿನ ಬ್ರೌಸರಿನಲ್ಲೇ ಇರುತ್ತಾರೆ. ಅಲ್ಲಿ ಯುಪಿಐ ಒತ್ತಿದರೆ ಎಷ್ಟೋ ಸಲ ಫೋನ್‌ಪೇ, ಗೂಗಲ್‌ಪೇ ತೆರೆಯುವುದೇ ಇಲ್ಲ. ಕೊಳ್ಳುವ ಮನಸ್ಸಿದ್ದರೂ ದುಡ್ಡು ಕಟ್ಟಲಾಗದೆ ಹೋದವರು ಇವರು. ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ಫೋನಿನ ಮಾಮೂಲಿ ಬ್ರೌಸರಿನಲ್ಲಿ ತೆರೆದುಕೊಳ್ಳುವುದರಿಂದ ಯುಪಿಐ ಆ್ಯಪ್ ಸಲೀಸಾಗಿ ಬರುತ್ತದೆ. ಆದರೆ ಕಳಿಸುವುದು ಅಂಗಡಿಯ ಮುಖಪುಟದ ಲಿಂಕ್ ಆಗಿರಬಾರದು, ಆ ಕಾರ್ಟನ್ನೇ ಮತ್ತೆ ತೆರೆಯುವ ಲಿಂಕ್ ಆಗಿರಬೇಕು. ಹಳೆಯ ಕಾರ್ಟ್‌ನ ಕುಕೀ, ಅಂದರೆ ಬ್ರೌಸರ್ ಇಟ್ಟುಕೊಳ್ಳುವ ಗುರುತು, ಇನ್‌ಸ್ಟಾಗ್ರಾಮ್ ಬ್ರೌಸರಿನಲ್ಲೇ ಉಳಿದಿರುತ್ತದೆ, ಹೊಸ ಬ್ರೌಸರಿನಲ್ಲಿ ಕಾರ್ಟ್ ಖಾಲಿ ಕಾಣುತ್ತದೆ.

ಎಪಿಐ, ಅಂದರೆ ಅಂಗಡಿಯ ತಂತ್ರಾಂಶವೇ ತಾನಾಗಿ ವಾಟ್ಸಾಪ್ ಕಳಿಸುವ ವ್ಯವಸ್ಥೆಯ ಮೂಲಕ ಕಳಿಸಿದರೆ ಈ ಸಂದೇಶವನ್ನು ವಾಟ್ಸಾಪ್‌ನ ಒಡೆಯ ಕಂಪನಿ ಮೆಟಾ ಮಾರ್ಕೆಟಿಂಗ್ ವರ್ಗಕ್ಕೆ ಸೇರಿಸುತ್ತದೆ, ಒಂದಕ್ಕೆ ಒಂದು ರೂಪಾಯಿ ಆಸುಪಾಸು ಬೀಳುತ್ತದೆ. ಯುಟಿಲಿಟಿ (ಆರ್ಡರ್ ಮಾಹಿತಿಯಂಥ ಸಂದೇಶಗಳ) ವರ್ಗದಲ್ಲಿ ನುಸುಳಿಸಲು ಹೋಗಬೇಡಿ, ವರ್ಗ ಬದಲಾಗುತ್ತದೆ ಇಲ್ಲವೇ ತಿರಸ್ಕಾರವಾಗುತ್ತದೆ. ಗಿರಾಕಿ ಉತ್ತರಿಸಿದರೆ 24 ಗಂಟೆ ಟೆಂಪ್ಲೇಟ್ ಇಲ್ಲದೆ ಮಾತಾಡಬಹುದು. ಸೆರಗಿನ ಫೋಟೋ ಕಳಿಸಲು ಅದೇ ಸಮಯ. ಒಬ್ಬರಿಗೆ ಎಲ್ಲ ಅಂಗಡಿಗಳಿಂದ ಹೋಗುವ ಮಾರ್ಕೆಟಿಂಗ್ ಸಂದೇಶಗಳಿಗೆ ಮೆಟಾ ಮಿತಿ ಇಟ್ಟಿದೆ, ಹೀಗಾಗಿ ಕೆಲವು ತಲುಪುವುದಿಲ್ಲ. ಕೂಡಲೇ ಮತ್ತೆ ಕಳಿಸಿ ಪ್ರಯೋಜನವಿಲ್ಲ.

ವಾಟ್ಸಾಪ್ ಸಂದೇಶಕ್ಕೆ ಒಪ್ಪಿಗೆಯ ಚೌಕವನ್ನು ಗಿರಾಕಿಯೇ ಟಿಕ್ ಮಾಡಬೇಕು. ಮೊದಲೇ ಟಿಕ್ ಆಗಿರುವಂತೆ ಇಡಬೇಡಿ, ಕೊಳ್ಳುವ ಒಪ್ಪಿಗೆಯನ್ನು ಹಾಗೆ ಪಡೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳೂ ಒಪ್ಪುವುದಿಲ್ಲ. ‘ಇನ್ನೊಂದೇ ಉಳಿದಿದೆ’ ಎಂಬ ಸುಳ್ಳೂ ಬೇಡ, 2023ರ ಡಾರ್ಕ್ ಪ್ಯಾಟರ್ನ್ (ಗಿರಾಕಿಯನ್ನು ಯಾಮಾರಿಸುವ ತಂತ್ರಗಳ) ಮಾರ್ಗಸೂಚಿ ಅದನ್ನು ಹೆಸರಿಟ್ಟು ನಿಷೇಧಿಸಿದೆ.



ದಿನಕ್ಕೆ ಹತ್ತರೊಳಗೆ ಕಾರ್ಟ್ ಬಿಟ್ಟುಹೋಗುವ ಅಂಗಡಿಗೆ ಎಪಿಐ ಕೂಡ ಬೇಡ, ಉಚಿತ ವಾಟ್ಸಾಪ್ ಬಿಸಿನೆಸ್ ಆ್ಯಪ್ ಸಾಕು. ಹೇಗೂ ಗಿರಾಕಿಗಳ ಪ್ರಶ್ನೆಗೆ ದಿನವಿಡೀ ಅದರಲ್ಲೇ ಉತ್ತರಿಸುವ ನನ್ನಂಥವರಿಗೆ ಇದೇ ಸರಿ. ಕಾರ್ಟ್ ಬಿಟ್ಟ ಒಂದು ಗಂಟೆಯೊಳಗೆ, ಹೆಸರು ಹಿಡಿದು ಬರೆಯಿರಿ: ‘ಮೇಡಂ, ಹಸಿರು ಇಳಕಲ್ ಸೀರೆ ನೋಡ್ತಿದ್ರಿ. ಸೆರಗಿನ ಬಗ್ಗೆ, ಡೆಲಿವರಿ ಬಗ್ಗೆ ಏನಾದ್ರೂ ಕೇಳೋದಿತ್ತಾ?’ ಕೆಳಗೆ ಕಾರ್ಟ್ ಲಿಂಕ್. ಮೊದಲ ಸಂದೇಶದಲ್ಲೇ ಕೂಪನ್ ಕೊಟ್ಟರೆ, ಮುಂದಿನ ಸಲ ಕೂಪನ್‌ಗಾಗಿಯೇ ಕಾರ್ಟ್ ಬಿಡುತ್ತಾರೆ. ಎರಡನೆಯ ಸಂದೇಶ ಮರುದಿನ, ಅಷ್ಟರಲ್ಲಿ ಆರ್ಡರ್ ಆಗಿಲ್ಲವೆಂದು ಖಚಿತಪಡಿಸಿಕೊಂಡು. ಮೂರನೆಯದು ಬೇಡ, ಬ್ಲಾಕ್ ಮಾಡುತ್ತಾರೆ.