ವಿಂಡೋಸ್ 3.11, 95, ಎಕ್ಸ್‌ಪಿ: ಗಂಜ್‌ನ ಲೆಕ್ಕದ ಮೇಜಿನಿಂದ ಒಂದು ವಿಮರ್ಶೆ

ಬಳಸಿದ್ದು: ಕಲಬುರಗಿ ನೆಹರು ಗಂಜ್‌ನ ಅಡತ್ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ) ಅಂಗಡಿಯಲ್ಲಿ, ಖಾತೆ ಬರೆಯಲು ಮತ್ತು ರೈತರಿಗೆ ಕೊಡುವ ತೂಕ-ಹಣದ ಲೆಕ್ಕದ ಚೀಟಿ, ಅಂದರೆ ಪಟ್ಟಿ, ತೆಗೆಯಲು. ಪ್ರಿಂಟರ್: ಡಾಟ್ ಮ್ಯಾಟ್ರಿಕ್ಸ್.

ಗೇಮ್ ಆಡುವವರಿಗೆ ಈ ವಿಮರ್ಶೆಯಿಂದ ಉಪಯೋಗವಿಲ್ಲ. ನಾನು ಆಪರೇಟಿಂಗ್ ಸಿಸ್ಟಮ್ ನೋಡುವುದೇ ಒಂದು ವಿಷಯಕ್ಕೆ: ಒಬ್ಬರ ಪಟ್ಟಿ ಪ್ರಿಂಟ್ ಆಗುತ್ತಿರುವಾಗ ಮುಂದಿನವರ ತೂಕ ಹಾಕಿಕೊಳ್ಳಲು ಬರುತ್ತದೋ ಇಲ್ಲವೋ. ತೊಗರಿ ಸೀಸನ್‌ನಲ್ಲಿ ಚೀಲಗಳು ಸಾಲುಗಟ್ಟಿದಾಗ ಬೇರೆ ಯಾವ ಸೌಲಭ್ಯವೂ ನೆನಪಿಗೆ ಬರುವುದಿಲ್ಲ.

3.11ರಲ್ಲಿ ಬರುತ್ತಿರಲಿಲ್ಲ. ಪ್ರಿಂಟ್ ಮ್ಯಾನೇಜರ್ ಇತ್ತು, ಹಿನ್ನೆಲೆಯಲ್ಲಿ ಪ್ರಿಂಟ್ ಮಾಡುತ್ತದೆ ಅಂತ ಪೆಟ್ಟಿಗೆ ಮೇಲೂ ಹೇಳಬಹುದಿತ್ತು. ಆದರೆ ಆ ವಿಂಡೋಸ್‌ನಲ್ಲಿದ್ದದ್ದು ಕೋಆಪರೇಟಿವ್ ಮಲ್ಟಿಟಾಸ್ಕಿಂಗ್. ಓಡುತ್ತಿರುವ ಪ್ರೋಗ್ರಾಮ್ ತಾನಾಗಿ 'ಮುಂದಿನ ಮೆಸೇಜ್ ಕೊಡು' ಎಂದು ಕೇಳಿದಾಗಷ್ಟೇ ವಿಂಡೋಸ್‌ಗೆ ಪ್ರೊಸೆಸರ್ ವಾಪಸ್ ಸಿಗುತ್ತದೆ, ಆಮೇಲೆ ಇತರರ ಪಾಳಿ. ಒಂದೇ ಕಾಟಾ ಇದ್ದು, ಚೀಲ ಏರಿಸಿದವನೇ ಇಳಿಸಬೇಕು, ಬೇರೆ ಯಾರೂ ಮುಟ್ಟಬಾರದು ಅಂದ ಹಾಗೆ. ನಮ್ಮ ಲೆಕ್ಕದ ಪ್ರೋಗ್ರಾಮ್ ಸ್ಥಳೀಯವಾಗಿ ಬರೆಸಿದ್ದು. ಖಾತೆಗಳ ಬಾಕಿ ಕೂಡಿಸಲು ಕೂತರೆ ಮುಗಿಯುವವರೆಗೆ ಏಳುತ್ತಿರಲಿಲ್ಲ. ಪರದೆ ಮೇಲೆ ಮರಳುಗಡಿಯಾರ. ಪ್ರಿಂಟ್ ಮ್ಯಾನೇಜರ್ ಕೂಡ ಅದೇ ಸಾಲಿನಲ್ಲಿ ಕಾಯುವ ಇನ್ನೊಂದು ಪ್ರೋಗ್ರಾಮ್ ತಾನೇ? ಕೈಯಲ್ಲಿದ್ದಷ್ಟು ಅಕ್ಷರ ಹೊಡೆದು ಪ್ರಿಂಟರ್ ಅರ್ಧ ಪಟ್ಟಿಗೇ ನಿಲ್ಲುತ್ತಿತ್ತು. 'ಮಷಿನ್ ಯಾಕ್ರಿ ನಿಂತದ?' ಅಂತ ಎದುರಿಗಿದ್ದವರು ಕೇಳಿದರೆ ಏನು ಹೇಳೋದು? ಪ್ರಿಂಟರ್ ರಿಪೇರಿಯವರಂತೂ ಬಂದು ಕೇಬಲ್ ಬದಲಿಸಿ ಹೋದರು. ಉದ್ದದ ಲೂಪ್ ನಡುವೆ ಆಗಾಗ ಪಾಳಿ ಬಿಟ್ಟುಕೊಡಿ ಎಂಬುದು ಆಗ ಪ್ರೋಗ್ರಾಮ್ ಬರೆಯುವವರಿಗೆಲ್ಲ ಗೊತ್ತಿದ್ದ ನಿಯಮ; ವಿಷುಯಲ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡೂಇವೆಂಟ್ಸ್ ಎಂಬ ಒಂದು ಸಾಲು ಸಾಕಿತ್ತು. ಬರೆದವರು ಬರೆಯಲಿಲ್ಲ, ಅಷ್ಟೆ.

ತಮಾಷೆ ಎಂದರೆ, ಅದೇ 3.11ರ 386 ಎನ್‌ಹಾನ್ಸ್ಡ್ ಮೋಡ್‌ನಲ್ಲಿ (386 ಪ್ರೊಸೆಸರ್‌ನ ಸೌಲಭ್ಯ ಬಳಸಿ ಓಡುವ ಬಗೆ) ಡಾಸ್ ಕಿಟಕಿಗಳಿಗೆ, ಅಂದರೆ ವಿಂಡೋಸ್‌ಗಿಂತ ಹಳೆಯ ಡಾಸ್‌ನ ಪ್ರೋಗ್ರಾಮ್‌ಗಳಿಗೆ, ಮಾತ್ರ ಟೈಮರ್ ನೋಡಿ ಸಮಯ ಹಂಚುವ ವ್ಯವಸ್ಥೆ ಇತ್ತು. ಹಳೆಯವರಿಗೆ ಸಿಕ್ಕ ನ್ಯಾಯ ಹೊಸಬರಿಗೆ ಸಿಗಲಿಲ್ಲ. ಹಾಗಂತ 3.11 ಅನ್ನು ಪೂರ್ತಿ ತೆಗೆದುಹಾಕಲಾರೆ. 4 ಎಂಬಿ ಮೆಮೊರಿಯಲ್ಲಿ, ನಯವಾಗಿ ಬರೆದ ಪ್ರೋಗ್ರಾಮ್ ಒಂದೇ ಓಡಿದರೆ ಅದು ಹಗುರವಾಗಿತ್ತು.

ವಿಂಡೋಸ್ 95 ಬಂದದ್ದು 1995ರ ಆಗಸ್ಟ್‌ನಲ್ಲಿ. ಇದರಲ್ಲಿ ಪ್ರಿಎಂಪ್ಟಿವ್: ಟೈಮರ್ ಇಂಟರಪ್ಟ್ (ಗಡಿಯಾರದ ಗಂಟೆಯಂಥ ಸಂಕೇತ) ಬಡಿದಾಗ ಕರ್ನಲ್, ಅಂದರೆ ವಿಂಡೋಸ್‌ನ ಒಳತಿರುಳು, ಎದ್ದು, ಪ್ರೋಗ್ರಾಮ್ ಒಪ್ಪಲಿ ಬಿಡಲಿ, ಪ್ರೊಸೆಸರ್ ಕಿತ್ತು ಇನ್ನೊಂದಕ್ಕೆ ಕೊಡುತ್ತದೆ. ಹೊಸ ಬಗೆಯ 32 ಬಿಟ್ ಪ್ರೋಗ್ರಾಮ್‌ಗಳಿಗೆ ಮಾತ್ರ. 3.11ರ ಕಾಲದ 16 ಬಿಟ್‌ನವು ತಮ್ಮತಮ್ಮಲ್ಲಿ ಹಳೆಯ ಪದ್ಧತಿಯನ್ನೇ ಮುಂದುವರಿಸಿದವು. ಅದಕ್ಕಿಂತ ಕೆಟ್ಟದ್ದು, ವಿಂಡೋ ಮತ್ತು ಚಿತ್ರ ಬಿಡಿಸುವ ಹಳೆಯ 16 ಬಿಟ್ ಕೋಡ್‌ಗೆ ಒಂದೇ ಬೀಗ. ಹಳೆಯ ಪ್ರೋಗ್ರಾಮ್ ಆ ಬೀಗ ಹಿಡಿದು ಕೂತರೆ, 32 ಬಿಟ್‌ನದು ಒಳಗೊಳಗೇ ಲೆಕ್ಕ ಮಾಡುತ್ತಿದ್ದರೂ ಪರದೆಗೆ ಬರೆಯಲು ಹೋದಾಗ ನಿಲ್ಲಬೇಕು. ಅಂಗಡಿಗಳಲ್ಲಿ ಓಡುತ್ತಿದ್ದದ್ದೆಲ್ಲ ಹಳೆಯ ಪ್ರೋಗ್ರಾಮೇ ಆದ್ದರಿಂದ ಗಂಜ್‌ನಲ್ಲಿ 95ರ ಹೆಸರು ಕೆಟ್ಟಿತು. ನನ್ನ ಮಟ್ಟಿಗೆ 5ಕ್ಕೆ 3.

ಆಪಲ್‌ನ ಮ್ಯಾಕ್ ಇಟ್ಟುಕೊಂಡವರು ನಗಬೇಕಾಗಿಲ್ಲ. 2001ರಲ್ಲಿ ಮ್ಯಾಕ್ ಓಎಸ್ ಟೆನ್ ಬರುವವರೆಗೆ ಅಲ್ಲಿಯೂ ಪ್ರೋಗ್ರಾಮ್‌ಗಳು ಪಾಳಿ ಬಿಟ್ಟುಕೊಟ್ಟರೆ ಮಾತ್ರ ನಡೆಯುತ್ತಿತ್ತು. ಅಮಿಗಾ ಎಂಬ ಕಂಪ್ಯೂಟರ್ 1985ರಲ್ಲೇ ಪ್ರಿಎಂಪ್ಟಿವ್ ಆಗಿತ್ತು, ಆದರೆ ಒಂದರ ಮೆಮೊರಿಗೆ ಇನ್ನೊಂದು ಕೈಹಾಕದಂತೆ ತಡೆಯುವ ಗೋಡೆ ಇರಲಿಲ್ಲ. ಎರಡೂ ಬೇಕು.

ಎರಡೂ ನಮಗೆ ಸಿಕ್ಕಿದ್ದು ಎಕ್ಸ್‌ಪಿಯಲ್ಲಿ. 1993ರ ವಿಂಡೋಸ್ ಎನ್‌ಟಿ ವಂಶದ್ದು ಅದು. ಕನಿಷ್ಠ 64 ಎಂಬಿ ಮೆಮೊರಿ ಬೇಡುತ್ತಿತ್ತು, 128 ಹಾಕಿದರೆ ಒಳ್ಳೆಯದಿತ್ತು. ಮಾಲೀಕರು ಆ ಖರ್ಚಿಗೆ ಒಪ್ಪುವುದೇ ಆಗ ದೊಡ್ಡ ಕೆಲಸವಾಗಿತ್ತು. ಬಾಕಿ ಕೂಡಿಸುವಾಗ ಲೆಕ್ಕದ ಕಿಟಕಿ ಬಿಳಿಚಿಕೊಂಡು ಕೂರುತ್ತದೆ, ಪಕ್ಕದಲ್ಲಿ ಪಟ್ಟಿ ಬರುತ್ತಲೇ ಇರುತ್ತದೆ. 5ಕ್ಕೆ 4.5.

ಹಳೆಯ 16 ಬಿಟ್ ಪ್ರೋಗ್ರಾಮ್‌ಗಳು ಒಂದಕ್ಕಿಂತ ಹೆಚ್ಚಿದ್ದರೆ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ಗೆ ಹೋಗಿ, ಅಡ್ವಾನ್ಸ್ಡ್‌ನಲ್ಲಿ 'ರನ್ ಇನ್ ಸೆಪರೇಟ್ ಮೆಮೊರಿ ಸ್ಪೇಸ್' ಮೇಲೆ ಟಿಕ್ ಹಾಕಿ. ಹಾಕದಿದ್ದರೆ ಎಕ್ಸ್‌ಪಿಯಲ್ಲೂ ಅವೆಲ್ಲ ಒಂದೇ ಕೋಣೆಯಲ್ಲಿ ಕೂತು ಒಂದಕ್ಕೊಂದು ಕಾಯುತ್ತವೆ. 64 ಬಿಟ್ ವಿಂಡೋಸ್ ಹಾಕಿಸುವ ಯೋಚನೆ ಇದ್ದರೆ, ಈ 16 ಬಿಟ್ ಪ್ರೋಗ್ರಾಮ್‌ಗಳು ಅದರಲ್ಲಿ ತೆರೆಯುವುದೇ ಇಲ್ಲ. ಮೊದಲು ಲೆಕ್ಕದ ಡೇಟಾ ಹೊರಗೆ ತೆಗೆದಿಟ್ಟುಕೊಳ್ಳಿ.